ಎಲ್ಲರೂ ಬರಬಹುದಾದ ಪ್ರಕೃತಿ ನಡಿಗೆ: ಚಿಕ್ಕಮಗಳೂರು ಸುತ್ತಮುತ್ತ ಎಲ್ಲಿ, ಹೇಗೆ ಮಾಡೋದು?

ಹೂಮಳೆ (ಚಿಕ್ಕಮಗಳೂರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಾವು ಐದಾರು ಜನ ಗೆಳೆಯರು ಎರಡು ವರ್ಷದಿಂದ ತಿಂಗಳಿಗೊಂದು ಭಾನುವಾರ ಹಕ್ಕಿ ನೋಡಲು, ಗಿಡ ಗುರುತಿಸಲು ಹೋಗುತ್ತಿದ್ದೇವೆ. ಮುಳ್ಳಯ್ಯನಗಿರಿ, ಕೆಮ್ಮಣ್ಣುಗುಂಡಿ, ಹಿರೇಕೊಳಲೆ ಕೆರೆ, ಹೀಗೆ. ಹೋದ ತಿಂಗಳು ನಮ್ಮ ಅಕ್ಕನ ಮಗಳು ನಾನೂ ಬರ್ತೀನಿ ಅಂದಳು. ಹನ್ನೊಂದು ವರ್ಷ. ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ನಾನು ಒಂದು ಕ್ಷಣ ಯೋಚನೆ ಕೂಡ ಮಾಡದೆ "ಅಲ್ಲಿ ದಾರಿ ಸರಿ ಇಲ್ಲ ಪುಟ್ಟಿ, ಇನ್ನೊಂದು ಸಲ" ಅಂದುಬಿಟ್ಟೆ. ಅವಳು ಸುಮ್ಮನಾದಳು. ಸಂಜೆ ಕಾಫಿ ಕುಡಿಯುವಾಗ "ಮಾಮ, ಕುಟ್ರು ಹಕ್ಕಿ ಮರದಲ್ಲಿ ಯಾವ ಕಡೆ ಕೂತು ಕೂಗುತ್ತೆ?" ಅಂತ ಕೇಳಿದಳು. ನಮ್ಮ ಮನೆ ಹಿಂದಿನ ಹಲಸಿನ ಮರದಲ್ಲಿ ದಿನಾ ಕೂಗುವ ಹಕ್ಕಿ ಅದು. ನನಗೆ ಉತ್ತರ ಗೊತ್ತಿರಲಿಲ್ಲ. ಎರಡು ವರ್ಷ ಬೈನಾಕ್ಯುಲರ್ ಹಿಡಿದು ಊರೆಲ್ಲ ತಿರುಗಿದ್ದೇನೆ, ಆ ಕೂಗನ್ನು ಮಾತ್ರ ಒಮ್ಮೆಯೂ ಕಿವಿಗೊಟ್ಟು ಕೇಳಿಲ್ಲ.

ಅವತ್ತಿನಿಂದ ಇದು ಮನಸ್ಸಿನಲ್ಲೇ ಕೂತಿದೆ. ಅವಳೊಬ್ಬಳೇ ಅಲ್ಲ. ನಮ್ಮ ಅಮ್ಮನಿಗೆ ಮಂಡಿ ನೋವು. ಗೆಳೆಯನ ತಮ್ಮನಿಗೆ ಕಿವಿ ಕೇಳುವುದಿಲ್ಲ. ಪಕ್ಕದ ಬೀದಿಯಲ್ಲಿ ಅಪಘಾತದ ನಂತರ ವೀಲ್‌ಚೇರ್ ಬಳಸುವವರೊಬ್ಬರು ಇದ್ದಾರೆ. ಇವರೆಲ್ಲ ಹುಟ್ಟಿ ಬೆಳೆದದ್ದು ಇದೇ ನೆಲದಲ್ಲಿ. ಎಲ್ಲಿಂದಲೋ ಬಂದವರು 1,930 ಮೀಟರ್ ಎತ್ತರದ ಗಿರಿ ಹತ್ತಿ ಫೋಟೋ ತೆಗೆದುಕೊಂಡು ಹೋಗುತ್ತಾರೆ, ನಮ್ಮವರು ಕಿಟಕಿಯಲ್ಲಿ ಕೂತು ಬೆಟ್ಟ ನೋಡಬೇಕು ಅಂದರೆ ಹೊಟ್ಟೆ ಉರಿಯುತ್ತದೆ.

ನಮ್ಮ ಯೋಚನೆ ಇಷ್ಟು. ಒಂದು ಬೆಳಗ್ಗೆ, ಎರಡು ಗಂಟೆ, ಹದಿನೈದು ಜನಕ್ಕಿಂತ ಜಾಸ್ತಿ ಬೇಡ. ಸ್ವಲ್ಪ ದೂರ ಹೋಗುವುದು, ನಿಲ್ಲುವುದು, ಕೂತು ಚಿತ್ರ ಬಿಡಿಸುವುದು, ಕಂಡದ್ದು ಯಾಕೆ ಹಾಗಿದೆ ಅಂತ ವಿಜ್ಞಾನ ಮಾತಾಡುವುದು. ಆದರೆ ಎಲ್ಲಿಗೆ ಹೋಗುವುದು ಅಂತಲೇ ಹೊಳೆಯುತ್ತಿಲ್ಲ. ಕಣ್ಣು ಕಾಣದ ಮಗುವಿಗೆ ಚಿತ್ರ ಅಂತ ಏನು ಕೊಡಬೇಕು? ಇಷ್ಟು ಬೇರೆ ಬೇರೆ ಅಗತ್ಯ ಇರುವವರನ್ನು ಒಟ್ಟಿಗೆ ಕರೆದುಕೊಂಡು ಹೋಗುವುದು ಸರಿಯಾ, ಇಲ್ಲ ಬೇರೆ ಬೇರೆ ದಿನ ಮಾಡಬೇಕಾ? ಅನುಭವ ಇರುವವರು ಹೇಳಿ.


ತೋಟದ ಮನೆ (ಮೂಡಿಗೆರೆ)

ಗಿರಿ ಬಿಡಿ. ಕಾಫಿ ಕಣದಿಂದ ಶುರು ಮಾಡಿ.

ಮಲೆನಾಡಿನಲ್ಲಿ ಮಟ್ಟಸ ಜಾಗ ಹುಡುಕಿದರೆ ಸಿಗುವುದು ಎರಡೇ, ಒಂದು ಕಣ, ಇನ್ನೊಂದು ಕೆರೆ ಏರಿ. ಕಣಕ್ಕೆ ಸಿಮೆಂಟ್ ಹಾಕಿರುತ್ತಾರೆ, ಅಲ್ಲಿಯ ತನಕ ಟ್ರ್ಯಾಕ್ಟರ್ ಹೋಗುವ ದಾರಿ ಇರುತ್ತದೆ, ಪಕ್ಕದಲ್ಲೇ ಗೋಡೌನೋ ಮನೆಯೋ ಇರುವುದರಿಂದ ನೀರು, ಶೌಚಾಲಯ, ಮಳೆ ಬಂದರೆ ನಿಲ್ಲಲು ಸೂರು ಎಲ್ಲ ಸಿಗುತ್ತದೆ. ಸುತ್ತ ಹಲಸು, ಅತ್ತಿ, ಸಿಲ್ವರ್ ಓಕ್. ಅತ್ತಿ ಹಣ್ಣಾದಾಗ ಅಲ್ಲೇ ಕುರ್ಚಿ ಹಾಕಿ ಕೂತರೆ ಸಾಕು, ಹಕ್ಕಿಗಳೇ ನಿಮ್ಮನ್ನು ಹುಡುಕಿಕೊಂಡು ಬರುತ್ತವೆ. ಒಂದೇ ತೊಂದರೆ ಅಂದರೆ ನವೆಂಬರ್‌ನಿಂದ ಅರೇಬಿಕಾ ಕೊಯ್ಲು, ಅದರ ಹಿಂದೆಯೇ ರೋಬಸ್ಟಾ, ಮಾರ್ಚ್ ತನಕ ಕಣದ ತುಂಬ ಹಣ್ಣು ಒಣಗುತ್ತಿರುತ್ತದೆ. ಅಕ್ಟೋಬರ್ ಕೊನೆ ಅಥವಾ ಏಪ್ರಿಲ್ ಆದರೆ ಖಾಲಿ.

ನಿಮ್ಮ ಹೆಸರೇ ಹೂಮಳೆ, ಹಾಗಾಗಿ ಇದನ್ನೂ ಹೇಳುತ್ತೇನೆ. ಮಾರ್ಚ್ ಏಪ್ರಿಲ್‌ನಲ್ಲಿ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಅರಳುತ್ತದೆ, ಎರಡು ಮೂರು ದಿನಕ್ಕೆ ಮುಗಿಯುತ್ತದೆ. ಅದಕ್ಕೆ ದಿನಾಂಕ ಮೊದಲೇ ಗೊತ್ತು ಮಾಡಲು ಆಗುವುದಿಲ್ಲ. ಮಳೆ ಬಿದ್ದ ದಿನದಿಂದ ಎಣಿಸಿ, ಎಲ್ಲರಿಗೂ ಫೋನ್ ಮಾಡಿ. ಆ ದಿನಗಳಲ್ಲಿ ಯಾವ ಕಡೆಯ ಗಿಡ ಅರಳಿದೆ ಅಂತ ಮೂಗೇ ಹೇಳುತ್ತದೆ, ಮಲ್ಲಿಗೆ ತೋಟಕ್ಕೆ ಬಂದ ಹಾಗೆ. ಜೇನುಹುಳದ ಸದ್ದು ಬೇರೆ. ಅರೇಬಿಕಾ ತನ್ನದೇ ಪರಾಗದಲ್ಲಿ ಕಾಯಿ ಕಟ್ಟುತ್ತದೆ, ರೋಬಸ್ಟಾಗೆ ಬೇರೆ ಗಿಡದ ಪರಾಗ ಬರಲೇಬೇಕು. ಈ ಒಂದು ವ್ಯತ್ಯಾಸದ ಮೇಲೆ ಒಂದು ಗಂಟೆ ಮಾತಾಡಬಹುದು.

ಆ ಮಗುವಿಗೆ ಮೊದಲು ಕೈಗೆ ಕೊಡಬೇಕಾದ್ದು ಕಲ್ಲುಹೂವು. ಮಸಾಲೆ ಡಬ್ಬಿಯಲ್ಲಿ ಇರುತ್ತದಲ್ಲ, ಅದೇ ಜಾತಿಯದ್ದು ಮರದ ತೊಗಟೆ ಮೇಲೆಲ್ಲ ಬೆಳೆದಿರುತ್ತದೆ. ಅದು ಒಂದು ಜೀವಿ ಅಲ್ಲ, ಶಿಲೀಂಧ್ರ ಮತ್ತು ಪಾಚಿ ಕೂಡಿ ಮಾಡುವ ಸಂಸಾರ. ಒಣಗಿದಾಗ ಮುಟ್ಟಿದರೆ ಹಪ್ಪಳದ ಹಾಗೆ ಗರಿಗರಿ. ಬಟ್ಟೆ ಇಸ್ತ್ರಿ ಮಾಡುವಾಗ ನೀರು ಚಿಮುಕಿಸುವ ಬಾಟಲಿ ತೆಗೆದುಕೊಂಡು ಹೋಗಿ, ಎರಡು ಸಲ ನೀರು ಹೊಡೆದು ಒಂದು ನಿಮಿಷ ಕಾಯಿರಿ. ಬೆರಳ ಕೆಳಗೇ ಮೆತ್ತಗಾಗಿ ಒದ್ದೆ ತೊಗಲಿನ ಹಾಗೆ ಬಾಗುತ್ತದೆ. ನೋಡುವವರಿಗೆ ಅದೇ ಹೊತ್ತಿಗೆ ಬೂದು ಬಣ್ಣ ಹಸಿರಾಗುತ್ತದೆ, ಯಾಕೆಂದರೆ ನೀರು ಕುಡಿದ ಮೇಲ್ಪದರ ಪಾರದರ್ಶಕವಾಗಿ ಒಳಗಿನ ಪಾಚಿ ಕಾಣುತ್ತದೆ. ಇಬ್ಬರಿಗೂ ಒಂದೇ ಸುದ್ದಿ ಸಿಕ್ಕಿತು ಅಲ್ವಾ? ಕೀಳಬೇಡಿ ಅಷ್ಟೇ, ಬೆಳೆಯಲು ವರ್ಷಗಟ್ಟಲೆ ಬೇಕು.

ಒಂದು ಎಚ್ಚರಿಕೆ. ಮೂಡಿಗೆರೆ, ಸಕಲೇಶಪುರ, ಆಲೂರು ಕಡೆಯ ತೋಟ ಆದರೆ ಆನೆ ಎಲ್ಲಿದೆ ಅಂತ ತೋಟದವರನ್ನೂ ಅರಣ್ಯ ಇಲಾಖೆಯವರನ್ನೂ ಹಿಂದಿನ ರಾತ್ರಿ ಮತ್ತು ಹೊರಡುವ ಮುಂಚೆ ಕೇಳಿ. ಓಡಲು ಆಗದವರು ಜೊತೆಯಲ್ಲಿರುವಾಗ ಇದರಲ್ಲಿ ರಾಜಿ ಇಲ್ಲ.


ಗಾಲಿ ದಾರಿ (ಹಾಸನ)

ನಾನು ಒಂಬತ್ತು ವರ್ಷದಿಂದ ವೀಲ್‌ಚೇರ್ ಬಳಸುತ್ತಿದ್ದೇನೆ. ಬೇರೆ ಬೇರೆ ದಿನ ಮಾಡಬೇಕಾ ಅಂತ ಕೇಳಿದಿರಿ. ಬೇಡ. ನನಗೆ ವೀಲ್‌ಚೇರಿನವರ ಜೊತೆಗಲ್ಲ, ನನ್ನ ಹೆಂಡತಿ ಮಕ್ಕಳ ಜೊತೆ, ಹಕ್ಕಿ ಗೊತ್ತಿರುವವರ ಜೊತೆ ಹೋಗಬೇಕು.

ಒಮ್ಮೆ ಮನೆಯವರೆಲ್ಲ ಸೇರಿ ಒಂದು ಉದ್ಯಾನಕ್ಕೆ ಹೋಗಿದ್ದೆವು. ಫೋನಿನಲ್ಲಿ ಕೇಳಿದಾಗ "ರ‍್ಯಾಂಪ್ ಇದೆ ಸಾರ್, ಬನ್ನಿ" ಅಂದಿದ್ದರು. ರ‍್ಯಾಂಪ್ ಇತ್ತು. ಆದರೆ ಬೈಕ್ ನುಗ್ಗಬಾರದು ಅಂತ ಗೇಟಿನಲ್ಲಿ ಕಬ್ಬಿಣದ ಕಂಬ ನೆಟ್ಟಿದ್ದರು, ನನ್ನ ಚೇರ್ ಅದರ ಮಧ್ಯೆ ಹೋಗಲಿಲ್ಲ. ಇಬ್ಬರು ಬಂದು ಎತ್ತಿ ಆಚೆ ಇಡುತ್ತೇವೆ ಅಂದರು, ಅವರ ಮನಸ್ಸು ಒಳ್ಳೆಯದೇ, ಆದರೆ ಮೂಟೆ ಎತ್ತುವ ಹಾಗೆ ನನ್ನನ್ನು ಎತ್ತುವುದು ನನಗೆ ಬೇಡ, ಬಿದ್ದರೆ ಮೂಳೆ ಮುರಿಯುವುದು ನನ್ನದು. ಒಂದು ಗಂಟೆ ಗೇಟಿನ ಹೊರಗೆ ಕೂತಿದ್ದೆ. ಮಗಳು ಒಳಗಿನಿಂದ ಒಂದು ಎಲೆ ತಂದು ಕೊಟ್ಟಳು.

ಹಾಗಾಗಿ ಟೇಪ್ ಹಿಡಿದುಕೊಂಡು ಹೋಗಿ. ಚೇರಿನ ಅಗಲ ಸುಮಾರು 65ರಿಂದ 70 ಸೆಂಟಿಮೀಟರ್. ಕೈ ಆಡಬೇಕು, ಅದಕ್ಕೆ ಗೇಟು 90 ಆದರೂ ಇರಲಿ. ತಿರುಗಲು ಒಂದೂವರೆ ಮೀಟರ್ ಜಾಗ. ಇಳಿಜಾರಿನ ಲೆಕ್ಕ 1:12, ಅಂದರೆ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದದ ದಾರಿ. ತೋಟದ ದಾರಿ ಇದಕ್ಕಿಂತ ಕಡಿದು ಇದ್ದರೆ ಹಿಂದೆ ಒಬ್ಬರು ಗಟ್ಟಿಗರು ಬೇಕು, ನನ್ನನ್ನು ಕೇಳಿಯೇ ಹಿಡಿಯಬೇಕು. ಮಳೆನೀರು ಹೋಗಲಿ ಅಂತ ದಾರಿಗೆ ಅಡ್ಡ ಕಣಿ ತೋಡಿರುತ್ತಾರೆ, ನಡೆಯುವವರಿಗೆ ಅದು ಕಾಣುವುದೇ ಇಲ್ಲ, ನಮ್ಮ ಮುಂದಿನ ಚಿಕ್ಕ ಗಾಲಿ ಅಲ್ಲೇ ಸಿಕ್ಕಿಕೊಳ್ಳುವುದು. ಒಂದು ಹಲಗೆ ಇಟ್ಟರೆ ಮುಗಿಯಿತು. ಮೆತ್ತನೆ ಮಣ್ಣಿನಲ್ಲಿ ಚೇರನ್ನು ಹಿಂದುಮುಂದಾಗಿ ಎಳೆಯುವುದು ಸುಲಭ. ಉಣುಗೋಲು (ಗೇಟಿನ ಬದಲು ಅಡ್ಡ ಗಳು ಸರಿಸುವ ತಡೆ) ಇದ್ದರೆ ಎಲ್ಲ ಗಳುಗಳನ್ನೂ ತೆಗೆಯಿರಿ, ಕೆಳಗಿನದೊಂದನ್ನು ಬಿಟ್ಟರೆ ದಾಟಲು ಆಗುವುದಿಲ್ಲ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಬೆನ್ನುಹುರಿಗೆ ಪೆಟ್ಟಾದ ಅನೇಕರಿಗೆ ಕಾಲಿನಲ್ಲಿ ಸ್ಪರ್ಶ ಇರುವುದಿಲ್ಲ. ಇಂಬಳ (ಜಿಗಣೆ) ಕಚ್ಚಿದರೂ ಗೊತ್ತಾಗುವುದಿಲ್ಲ, ಮುಳ್ಳು ಗೀರಿದರೂ ಗೊತ್ತಾಗುವುದಿಲ್ಲ. ಮಳೆಗಾಲ ಮುಗಿದ ಮೇಲೂ ತೇವ ಇರುವ ಕಡೆ ಒಬ್ಬರು ಆಗಾಗ ಕಾಲು, ಸಾಕ್ಸ್ ಒಳಗೆ ನೋಡಬೇಕು. ಒಂದೇ ಭಂಗಿಯಲ್ಲಿ ಕೂತರೆ ಚರ್ಮ ಹುಣ್ಣಾಗುತ್ತದೆ, ನಾವು ಆಗಾಗ ಕೈ ಊರಿ ಮೈ ಎತ್ತುತ್ತೇವೆ, ಯಾಕೆ ಅಂತ ಗಾಬರಿ ಆಗಬೇಡಿ.

ಕರೆಯೋಲೆಯಲ್ಲಿ "ಎಲ್ಲರೂ ಬನ್ನಿ" ಅಂತ ಬರೆಯುವುದಕ್ಕಿಂತ, ದಾರಿ ಇಷ್ಟು ಮೀಟರ್, ಸಿಮೆಂಟ್ ಇಷ್ಟು, ಮಣ್ಣು ಇಷ್ಟು, ಒಂದು ಕಡೆ ಏರು ಇದೆ, ಶೌಚಾಲಯಕ್ಕೆ ಒಂದು ಮೆಟ್ಟಿಲು ಇದೆ ಅಂತ ಇದ್ದದ್ದು ಇದ್ದ ಹಾಗೆ ಬರೆಯಿರಿ. ಬರಬೇಕಾ ಬೇಡವಾ ಅಂತ ನಾನು ತೀರ್ಮಾನ ಮಾಡುತ್ತೇನೆ. ಇದು ಯಾರೋ ಕರುಣೆಯಿಂದ ಮಾಡುವ ಕೆಲಸವೂ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 29ನೇ ಸೆಕ್ಷನ್ ಓದಿ, ಕಲಾ ತರಗತಿ, ಹೊರಾಂಗಣ ಶಿಬಿರ, ಸಾಹಸ ಚಟುವಟಿಕೆಯಲ್ಲಿ ನಾವು ಪಾಲ್ಗೊಳ್ಳಲು ಅನುವು ಮಾಡಬೇಕು ಅಂತ ಅದರಲ್ಲೇ ಬರೆದಿದೆ.


ಮೇಷ್ಟ್ರು (ಅರಸೀಕೆರೆ)

ಒಳ್ಳೆಯ ಕೆಲಸ, ಆದರೆ ಒಂದು ಅನುಮಾನ ಹೇಳಿಬಿಡುತ್ತೇನೆ. ನಾನು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟವನು. ಒಮ್ಮೆ ಮಕ್ಕಳನ್ನು ಕೆರೆ ಏರಿಗೆ ಕರೆದುಕೊಂಡು ಹೋಗಿ ಕಂಡದ್ದು ಬರೆಯಿರಿ ಅಂತ ಹಾಳೆ ಕೊಟ್ಟೆವು. ಅರ್ಧಕ್ಕರ್ಧ ಮಕ್ಕಳು ಎರಡು ಬೆಟ್ಟ, ಮಧ್ಯೆ ಸೂರ್ಯ, ಒಂದು ತೆಂಗಿನ ಮರ ಬರೆದರು. ಎದುರಿಗೆ ಇದ್ದದ್ದು ಹೊಂಗೆ ಮರ, ಬೆಳ್ಳಕ್ಕಿ, ನೀರುಕಾಗೆ. ಚಿತ್ರ ಅಂದ ಕೂಡಲೇ ಮಕ್ಕಳು ನೋಡುವುದನ್ನು ನಿಲ್ಲಿಸಿದರು. ಕಲೆ ವಿಜ್ಞಾನ ಎರಡನ್ನೂ ಕಲಸಿದರೆ ಎರಡೂ ತೆಳ್ಳಗಾಗುತ್ತವೆ ಅನ್ನುವುದು ನನ್ನ ಅನುಭವ.

ವಿಜ್ಞಾನ ಅಂದರೆ ಎಣಿಸುವುದು, ಬರೆದಿಡುವುದು, ಮತ್ತೆ ಬಂದು ನೋಡುವುದು. ಅದಕ್ಕೆ ಬೆಟ್ಟ ಹತ್ತಬೇಕಾಗಿಲ್ಲ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಅನ್ನುವ ಹಕ್ಕಿ ಎಣಿಕೆಯಲ್ಲಿ ಒಂದೇ ಕಡೆ 15 ನಿಮಿಷ ಕೂತು ಎಣಿಸಿದರೂ ಲೆಕ್ಕಕ್ಕೆ ಸೇರುತ್ತದೆ. ಸೀಸನ್‌ವಾಚ್ ಅಂತ ಇದೆ, ಮನೆ ಎದುರಿನ ಒಂದು ಮರ ಆರಿಸಿಕೊಂಡು ಚಿಗುರು, ಹೂ, ಕಾಯಿ ಎಷ್ಟಿದೆ ಅಂತ ವಾರ ವಾರ ದಾಖಲಿಸುವುದು. ಮಂಡಿ ನೋವಿನ ನಿಮ್ಮ ಅಮ್ಮ ಹಲಸಿನ ಮರವೊಂದನ್ನು ವರ್ಷ ಪೂರ್ತಿ ನೋಡಿ ಬರೆದರೆ ಅದು ಮೊದಲ ದರ್ಜೆಯ ದಾಖಲೆ.


ಬಳಪ (ಬೇಲೂರು)

ಮೇಷ್ಟ್ರೇ, ಆ ಸೂರ್ಯ ತೆಂಗಿನ ಮರ ಚಿತ್ರಕಲೆಯ ತಪ್ಪಲ್ಲ, ನೆನಪಿನಿಂದ ಬರೆಯಲು ಬಿಟ್ಟಿದ್ದರ ತಪ್ಪು. ನಾನು ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುತ್ತೇನೆ. "ಮರ ಬರಿ" ಅನ್ನುವುದಿಲ್ಲ. ಒಂದು ಎಲೆ ಕೊಟ್ಟು, ಕಣ್ಣು ಎಲೆ ಮೇಲೇ ಇರಲಿ, ಹಾಳೆ ನೋಡಬೇಡ, ಎಲೆಯ ಅಂಚಿನಲ್ಲಿ ಇರುವೆ ಹರಿಯುವಷ್ಟು ನಿಧಾನಕ್ಕೆ ಪೆನ್ಸಿಲ್ ಓಡಲಿ ಅನ್ನುತ್ತೇನೆ. ಚಿತ್ರ ಚೆಂದ ಬರುವುದಿಲ್ಲ. ಆದರೆ ಅಂಚಿನಲ್ಲಿ ಹುಳ ತಿಂದ ಜಾಗ, ನರ ಎಲ್ಲಿ ಕವಲಾಯಿತು, ತುದಿ ಎಷ್ಟು ಚೂಪು, ಎಲ್ಲ ಕಾಣುತ್ತದೆ. ಆಮೇಲೆ ಅರಳಿ ಎಲೆಯ ತುದಿ ಬಾಲದ ಹಾಗೆ ಯಾಕೆ ಉದ್ದ ಅಂತ ಕೇಳಿ, ಮಳೆನೀರು ಬೇಗ ಜಾರಿ ಬೀಳಲಿ ಅಂತ ಅನ್ನುವುದು ಅವರಿಗೇ ಹೊಳೆಯುತ್ತದೆ. ನಿಮ್ಮ ಎಣಿಕೆಗೆ ಮುಂಚೆ ಈ ನೋಟ ಬೇಕು ಸರ್.

ಕಣ್ಣು ಕಾಣದ ಮಗುವಿಗೆ ಇದೇ ಪಾಠ ಬೆರಳಿನಲ್ಲಿ. ದಾಲ್ಚಿನ್ನಿ ಎಲೆ ಕೊಡಿ, ಬುಡದಿಂದ ಮೂರು ನರ ಏಳುತ್ತವೆ, ಹೆಬ್ಬೆರಳು ಸವರಿದರೆ ಸಾಕು. ಹಿಸುಕಿದರೆ ವಾಸನೆ. ಪಕ್ಕದಲ್ಲಿ ಹಲಸಿನ ಎಲೆ, ಮಧ್ಯೆ ಒಂದೇ ದಪ್ಪ ನರ. ಸಿಲ್ವರ್ ಓಕ್ ಎಲೆಯ ಮೇಲೆ ಒಂದು ಥರ, ಕೆಳಗೆ ರೇಷ್ಮೆ. ಇನ್ನು ಬರೆಯಲು: ಒಂದು ರಟ್ಟಿಗೆ ಕಿಟಕಿಯ ಸೊಳ್ಳೆ ಜಾಲರಿ ಬಿಗಿಯಾಗಿ ಸುತ್ತಿ ಅಂಚಿಗೆ ಟೇಪ್ ಹಾಕಿ. ಅದರ ಮೇಲೆ ಹಾಳೆ ಇಟ್ಟು ಮೇಣದ ಕ್ರೆಯಾನ್‌ನಿಂದ ಗೀಚಿದರೆ ಗೆರೆ ಕೈಗೆ ತರಿತರಿಯಾಗಿ ಸಿಗುತ್ತದೆ. ತಾನು ಬರೆದದ್ದನ್ನು ತಾನೇ ಮುಟ್ಟಿ ನೋಡಬಹುದು. ಖರ್ಚೂ ಹೆಚ್ಚಿಲ್ಲ.

ಕಿವಿ ಕೇಳದ ಹುಡುಗನಿಗೆ ಮೊಬೈಲಿನಲ್ಲಿ ಹಕ್ಕಿ ಕೂಗು ಗುರುತಿಸುವ ಮರ್ಲಿನ್ ಆ್ಯಪ್ ಹಾಕಿಕೊಡಿ. ಹಕ್ಕಿ ಕೂಗಿದಾಗ ಆ ಸದ್ದು ಪರದೆ ಮೇಲೆ ಗೆರೆಗೆರೆಯಾಗಿ ಓಡುತ್ತದೆ. ಕುಟ್ರು ಹಕ್ಕಿಯದು ಒಂದೇ ಅಳತೆಯ ಗುರುತು, ಮತ್ತೆ ಮತ್ತೆ, ಹೊಲಿಗೆ ಹಾಕಿದ ಹಾಗೆ. ಮಡಿವಾಳ ಹಕ್ಕಿಯದು ಏರಿ ಇಳಿದು ಬಳುಕುವ ಗೆರೆ. ಅವನು ಅದನ್ನು ನೋಡಿ ಬರೆಯಲಿ, ಉಳಿದವರು ಕಣ್ಣು ಮುಚ್ಚಿ ಕೇಳಿ ಬರೆಯಲಿ, ಕೊನೆಗೆ ಎರಡನ್ನೂ ಪಕ್ಕ ಪಕ್ಕ ಇಡಿ.

ಬಣ್ಣಕ್ಕೆ ಅಂಗಡಿಗೆ ಹೋಗಬೇಡಿ. ಕೆಮ್ಮಣ್ಣು ಜರಡಿ ಹಿಡಿದು ಸ್ವಲ್ಪ ಗೋಂದು ಬೆರೆಸಿ, ಕಾಫಿ ಡಿಕಾಕ್ಷನ್ ಗಟ್ಟಿ ಮಾಡಿ, ಅಡಿಕೆ ಬೇಯಿಸಿದವರ ಮನೆಯಿಂದ ಒಂದು ಲೋಟ ಚೊಗರು ಕೇಳಿ. ತೇಗದ ಎಳೆ ಚಿಗುರನ್ನು ಅಂಗೈಯಲ್ಲಿ ಉಜ್ಜಿದರೆ ಕೆಂಪು. ಚೊಗರು ಬಟ್ಟೆಗೆ ಬಿದ್ದರೆ ಹೋಗುವುದಿಲ್ಲ, ಹಳೇ ಬಟ್ಟೆ ಹಾಕಿಕೊಂಡು ಬನ್ನಿ ಅಂತ ಹೇಳಿ.

ಮುಂದೆ ಎಂದಾದರೂ ನಮ್ಮ ಕಡೆ ಬರುವುದಾದರೆ ಇನ್ನೊಂದು ಆಸೆ ಇದೆ. ಬೇಲೂರು ಹಳೇಬೀಡಿನ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತ ಹೋಗುತ್ತದೆ, ಅದಕ್ಕೇ ಹೊಯ್ಸಳರ ಶಿಲ್ಪಿಗಳಿಗೆ ಅಷ್ಟು ನಯವಾದ ಕೆತ್ತನೆ ಸಾಧ್ಯವಾಯಿತು. 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಗುಡಿಗಳು, ಅಲ್ಲಿಯ ಶಿಲ್ಪ ಮುಟ್ಟಿಸುವುದು ಬೇಡ. ಆದರೆ ಅದೇ ಜಾತಿಯ ಕಲ್ಲಿನ ಒಂದು ತುಂಡು, ಒಂದು ಕಡೆ ಒರಟು, ಒಂದು ಕಡೆ ಉಳಿ ಆಡಿದ್ದು, ನನ್ನ ಹತ್ತಿರ ಇದೆ. ಹಳೇಬೀಡಿನ ಕೆರೆ ಹತ್ತಿರ ಕೂತು ಆ ಮಗುವಿನ ಕೈಗೆ ಕೊಡುತ್ತೇನೆ.


ಸಂಪಿಗೆ (ಸಕಲೇಶಪುರ)

ನನ್ನ ಮಗನಿಗೆ ಆಟಿಸಂ ಇದೆ. ಚಿಕ್ಕದಾಗಿ ಎರಡು ಮಾತು. ಮೊದಲು ಏನು, ಆಮೇಲೆ ಏನು, ಎಷ್ಟು ಹೊತ್ತು ಅಂತ ಚಿತ್ರದಲ್ಲಿ ಬರೆದು ಹಿಂದಿನ ದಿನವೇ ಕಳಿಸಿ. ಯಾರಾದರೂ ಚೆನ್ನಾಗಿ ಮಾಡಿದರೆ ಚಪ್ಪಾಳೆ ಬೇಡ, ಕೈ ಮೇಲೆತ್ತಿ ಆಡಿಸಿ, ಕಿವಿ ಕೇಳದವರಿಗೂ ಅದೇ ಚಪ್ಪಾಳೆ. ಸುಮ್ನೆ ದೂರದಲ್ಲಿ ಕೂರುವುದಕ್ಕೆ ಒಂದು ಚಾಪೆ ಹಾಕಿಡಿ. ಅವನು ಅಲ್ಲಿ ಹೋಗಿ ಕೂತರೆ ಬೇಜಾರಾಗಿದ್ದಾನೆ ಅಂತಲ್ಲ, ಅವನು ಅಲ್ಲಿಂದಲೇ ನೋಡುತ್ತಿರುತ್ತಾನೆ.


ಹೂಮಳೆ (ಚಿಕ್ಕಮಗಳೂರು)

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಮಾಡಿದೆವು! ಹನ್ನೆರಡು ಜನ. ಗೆಳೆಯರೊಬ್ಬರ ತೋಟದ ಕಣ, ಅಲ್ಲಿಂದ ಅತ್ತಿ ಮರದ ತನಕ 180 ಮೀಟರ್ ಮಣ್ಣಿನ ದಾರಿ, ಟೇಪ್ ಹಿಡಿದು ಅಳೆದೆ. ಅಡ್ಡ ಕಣಿ ಮೂರು ಇದ್ದವು, ಇಷ್ಟು ವರ್ಷ ಆ ದಾರಿಯಲ್ಲಿ ಓಡಾಡಿದ ನನಗೆ ಒಂದೂ ನೆನಪಿರಲಿಲ್ಲ. ಹಲಗೆ ಹಾಕಿದೆವು.

ತಪ್ಪುಗಳೂ ಆದವು. ಎರಡು ಗಂಟೆ ಸಾಲಲಿಲ್ಲ, ಅತ್ತಿ ಮರ ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು, ಅಮ್ಮನಿಗೆ ಸುಸ್ತಾಯಿತು. ಕುರ್ಚಿಗಳನ್ನೆಲ್ಲ ಕಣದಲ್ಲೇ ಬಿಟ್ಟು ಹೋಗಿದ್ದೆವು, ಮುಂದಿನ ಸಲ ಮಧ್ಯದಲ್ಲಿ ಎರಡು ಕಡೆ ಇಡುತ್ತೇವೆ. ನಾನು ಪುಟ್ಟಿಯ ಕೈ ಹಿಡಿದು ಎಳೆದುಕೊಂಡು ಹೊರಟಿದ್ದೆ, ಅವಳೇ ಬಿಡಿಸಿಕೊಂಡು ನನ್ನ ಮೊಣಕೈ ಹಿಡಿದಳು, "ನೀನು ಅರ್ಧ ಹೆಜ್ಜೆ ಮುಂದೆ ಇರು ಸಾಕು, ಏರು ಬಂದರೆ ನನಗೆ ನಿನ್ನ ಕೈಯಲ್ಲೇ ಗೊತ್ತಾಗುತ್ತೆ" ಅಂದಳು.

ಕಲ್ಲುಹೂವಿನ ಹತ್ತಿರ ಎಲ್ಲರೂ ಅರ್ಧ ಗಂಟೆ ನಿಂತರು. ಪಕ್ಕದ ಬೀದಿಯವರ ವೀಲ್‌ಚೇರ್ ಎತ್ತರಕ್ಕೆ ಸರಿಯಾಗಿ ಕಾಂಡದ ಮೇಲೆ ಒಂದು ಅಂಗೈಯಗಲದ್ದು ಇತ್ತು, ನಾವು ನಿಂತವರಿಗೆ ಅದು ಕಂಡೇ ಇರಲಿಲ್ಲ, ಅವರೇ ತೋರಿಸಿದರು. ನೀರು ಹೊಡೆದಾಗ ಪುಟ್ಟಿ ಬೆರಳು ಇಟ್ಟುಕೊಂಡೇ ಇದ್ದಳು. "ಎದ್ದಿತು" ಅಂದಳು. ಆಮೇಲೆ ಜಾಲರಿ ರಟ್ಟಿನ ಮೇಲೆ ಅದರ ಅಂಚು ಬರೆದಳು, ಸುರುಳಿ ಸುರುಳಿ, ಒಂದು ಕಡೆ ಹರಿದದ್ದನ್ನೂ ಬಿಡದೆ. ಗೆಳೆಯನ ತಮ್ಮ ಮೊಬೈಲಿನಲ್ಲಿ ಕುಟ್ರು ಹಕ್ಕಿಯ ಗೆರೆ ನೋಡಿ ಕೆಮ್ಮಣ್ಣಿನಲ್ಲಿ ಬರೆದ, ನಿಜವಾಗಿ ಹೊಲಿಗೆ ಹಾಕಿದ ಹಾಗೇ ಇತ್ತು. ಅದರ ಕೆಳಗೆ ಅಮ್ಮ ಎಣಿಸಿದ ಸಂಖ್ಯೆ ಬರೆದರು, ಒಂದು ನಿಮಿಷಕ್ಕೆ ಎಷ್ಟು ಸಲ ಕೂಗಿತು ಅಂತ. ಮೇಷ್ಟ್ರೇ, ಆ ಹಾಳೆ ನಿಮಗೆ ಕಳಿಸುತ್ತೇನೆ.

ಕುಟ್ರು ಹಕ್ಕಿ ಹಸಿರು ಎಲೆಯಲ್ಲಿ ಹಸಿರಾಗಿ ಕೂರುತ್ತದೆ, ನಾಲ್ಕು ಜನ ಬೈನಾಕ್ಯುಲರ್ ಹಿಡಿದು ಹುಡುಕಿದೆವು, ಸಿಗಲಿಲ್ಲ. ಪುಟ್ಟಿ ತಲೆಯನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ತಿರುಗಿಸಿದಳು, ಎರಡು ಕಿವಿಗೂ ಸದ್ದು ಒಂದೇ ಸಮ ಬರುವ ತನಕ. ಆಮೇಲೆ ಕೈ ಎತ್ತಿ ತೋರಿಸಿದಳು. ಬೆರಳಿನ ನೇರಕ್ಕೆ ನೋಡಿದೆ. ಒಣಗಿದ ಕೊಂಬೆಯ ಪಕ್ಕದಲ್ಲಿ, ಬಿಳಿ ಕೆನ್ನೆ, ದಪ್ಪ ಕೊಕ್ಕು.

ಮುಂದಿನದು ಅಕ್ಟೋಬರ್ ಕೊನೆಯ ಭಾನುವಾರ, ಬೆಳಗ್ಗೆ ಏಳಕ್ಕೆ. ಚೊಗರು ಯಾರ ಮನೆಯಲ್ಲಿದೆ ಹೇಳಿ, ಈ ಸಲ ಸಿಗಲಿಲ್ಲ. ಬಳಪ ಅವರೇ, ಆ ಕಲ್ಲು ತರಲು ಆಗುತ್ತದಾ? ಪುಟ್ಟಿ ಎರಡು ಸಲ ಕೇಳಿದಳು.